ಶುಕ್ರವಾರ ಕಳಿಸಬಾರದ ಮಗಳು

ಕೋರ್ಟಿನ ಆ ಆದೇಶದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಮಾತಿನ ಮೇಲೆ. ಮಗಳು ಗಂಡನನ್ನು ಬಿಟ್ಟು ಸೊರಬದಿಂದ ಶಿಕಾರಿಪುರಕ್ಕೆ, ನಮ್ಮ ಮನೆಗೆ ಬಂದು ವರ್ಷ ಕಳೆದಿತ್ತು. ಆದೇಶ ಹೀಗಿತ್ತು: ಏಳು ವರ್ಷದ ಮೊಮ್ಮಗಳು ತಾಯಿಯ ಹತ್ತಿರ ಇರತಕ್ಕದ್ದು. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶುಕ್ರವಾರ ಸಂಜೆ ಐದಕ್ಕೆ ಅವಳನ್ನು ತಂದೆಯೊಂದಿಗೆ ಕಳಿಸತಕ್ಕದ್ದು. ಭಾನುವಾರ ಸಂಜೆ ಅವನು ವಾಪಸು ತಂದುಬಿಡತಕ್ಕದ್ದು.

ಶುಕ್ರವಾರ!

ನಮ್ಮಲ್ಲಿ ಮಂಗಳವಾರ, ಶುಕ್ರವಾರ ಮನೆಮಗಳನ್ನು ಹೊಸಿಲು ದಾಟಿಸಿ ಕಳಿಸುವುದಿಲ್ಲ. ಲಕ್ಷ್ಮಿಯೇ ಎದ್ದು ಹೋದ ಹಾಗೆ ಎನ್ನುತ್ತಿದ್ದಳು ನನ್ನಜ್ಜಿ. ಸೋದರತ್ತೆಯನ್ನು ಕರೆದೊಯ್ಯಲು ಅವಳ ಗಂಡ ಒಮ್ಮೆ ಶುಕ್ರವಾರ ಗಾಡಿ ಕಟ್ಟಿಕೊಂಡು ಬಂದಾಗ, ಎತ್ತು ಬಿಚ್ಚಿಸಿ, ಆತನಿಗೆ ಹೋಳಿಗೆ ತಿನ್ನಿಸಿ, ಮರುದಿನವೇ ಕಳಿಸಿದ್ದಳು.

ಮಗಳು ಕೆಲಸ ಮುಗಿಸಿ ಬರುವಾಗ ಆರು ದಾಟುತ್ತಿತ್ತು. ಮಗುವನ್ನು ಕಳಿಸಿಕೊಡುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಮೊದಲ ಶುಕ್ರವಾರವೇ ಅಳಿಯನಿಗೆ ಫೋನ್ ಮಾಡಿದೆ.

"ಇವತ್ತು ಬ್ಯಾಡ. ನಾಳೆ ಬೆಳಿಗ್ಗೆ ಬರ್ರಿ."

"ಆರ್ಡರಲ್ಲಿ ಶುಕ್ರವಾರ ಅಂತ ಇದೆಯಲ್ಲ ಮಾವಾರೆ?"

"ಕೋರ್ಟಿಗೇನು ವಾರ, ತಿಥಿ ಗೊತ್ತೈತೇನ್ರಿ?"

ಅವನು ಆಯ್ತೆಂದ. ಸೊರಬದಲ್ಲಿ ಅವನದು ಬೈಕ್ ರಿಪೇರಿ ಅಂಗಡಿ. ಶನಿವಾರ ಬಾಗಿಲು ಹಾಕಿ ಬರುತ್ತಿದ್ದ. ಕೆಲವು ವಾರ ಬರಲಾಗುತ್ತಿರಲಿಲ್ಲ. ಅಂಥ ದಿನ ಮೊಮ್ಮಗಳು ಮಧ್ಯಾಹ್ನದವರೆಗೂ ಚಪ್ಪಲಿ ಬಿಚ್ಚದೆ ಕೂತಿರುತ್ತಿದ್ದಳು.

"ನಿನ್ನೇನೇ ಯಾಕೆ ಕಳಿಸ್ಲಿಲ್ಲ ಅಜ್ಜ?"

ನಾನು ಕಥೆ ಹೇಳಲು ಕೂತೆನೆಂದರೆ ಮುಗಿಯಿತು. ಶುಕ್ರವಾರ ಮಗಳು ಹೊರಟಳು, ಅವಳ ಹಿಂದೆಯೇ ಲಕ್ಷ್ಮಿ ಗೆಜ್ಜೆ ಸದ್ದು ಮಾಡುತ್ತಾ ಹೊರಟಳು, ಮನೆಯಲ್ಲಿ ಉಳಿದವರಿಗೆ ಒಂದೊಂದೇ ತೊಂದರೆ ಬಂತು ಎಂದು ಕೈ ಬಾಯಿ ತಿರುಗಿಸಿ ಹೇಳಿದೆ. ಮಗು ಕಣ್ಣರಳಿಸಿ ಕೇಳಿತು. ಕಥೆ ನಾಟಿತೆಂದು ನನಗೆ ಖುಷಿಯೂ ಆಯಿತು.

ಐದಾರು ತಿಂಗಳ ಮೇಲೆ ಒಂದು ಶುಕ್ರವಾರ ಅಳಿಯ ಹೇಳದೆ ಕೇಳದೆ ಬಂದ. ಒಳಗೆ ಕರೆದರೂ ಬರಲಿಲ್ಲ.

"ಶುಕ್ರವಾರವೇ ಬೇಕು ಅಂತ ವಕೀಲರ ಹತ್ರ ಹಟ ಹಿಡಿದಿದ್ದು ನಮ್ಮಮ್ಮ," ಎಂದ. "ಶುಕ್ರವಾರ ಮನೆಮಗಳು ಮನೆಗೆ ಬಂದ್ರೆ ಲಕ್ಷ್ಮಿ ಬಂದ ಹಾಗೆ ಅಂತಾರೆ. ಅವಳು ನಮ್ಮನೆ ಮಗಳೂ ಹೌದಲ್ದಾ ಮಾವಾರೆ?"

ಸೋದರತ್ತೆ ಶುಕ್ರವಾರ ತವರಿಗೆ ಬಂದರೆ ಅಜ್ಜಿ ಕಾಲಿಗೆ ನೀರು ಕೊಟ್ಟು, ಕುಂಕುಮವಿಟ್ಟು ಒಳಗೆ ಕರೆಯುತ್ತಿದ್ದಳು. ಅದನ್ನೂ ಕಣ್ಣಾರೆ ಕಂಡವನು ನಾನು. ಆ ಪದ್ಧತಿಯಲ್ಲಿ ಅಳಿಯನ ಮೇಲಿನ ಸಿಟ್ಟಿಗೆ ಒಗ್ಗುವ ಅರ್ಧವನ್ನಷ್ಟೇ ಇಟ್ಟುಕೊಂಡಿದ್ದೆ.

"ಪುಟ್ಟೀ, ಬ್ಯಾಗ್ ತಗೊಂಬಾ. ಅಪ್ಪನ ಜೊತೆ ಹೊರಡು," ಎಂದೆ.

ಮಗು ಬಾಗಿಲ ಚೌಕಟ್ಟು ಹಿಡಿದು ನಿಂತಿತು. "ನಾ ಹೋಗಲ್ಲ. ನಾ ಹೋದ್ರೆ ಅಮ್ಮಂಗೆ ಏನಾದ್ರೂ ಆಗುತ್ತೆ."

ಅದು ಬರೀ ಕಥೆ ಎಂದೆ. ಸುಳ್ಳು ಎಂದೆ. ಅವಳು ನಂಬಲಿಲ್ಲ. ಅವನು ಮೊಣಕಾಲೂರಿ ಕರೆದಷ್ಟೂ ಅವಳು ಒಳಗೊಳಗೆ ಸರಿದಳು.

ಆಮೇಲೆ ಶನಿವಾರ, ಭಾನುವಾರ ಎಂದರೂ ಅವಳು ಒಪ್ಪಲಿಲ್ಲ. ತಾಯಿಯನ್ನು ಬಿಟ್ಟು ಹೋಗುವುದೇ ಅವಳಿಗೆ ಭಯವಾಗಿಬಿಟ್ಟಿತ್ತು. ಈಗ ಅವಳಿಗೆ ಹನ್ನೆರಡು ವರ್ಷ. ಆ ಶುಕ್ರವಾರದಿಂದೀಚೆಗೆ ಸೊರಬದಲ್ಲಿ ಒಂದು ದಿನವೂ ಉಳಿದಿಲ್ಲ. ಅವನೇ ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತಾನೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ದೋಸೆ ತಿನ್ನುತ್ತಾರೆ. ಅವನೇ ಏನಾದರೂ ಕೇಳುತ್ತಾನೆ, ಇವಳು ಹೂಂ, ಊಹೂಂ ಎನ್ನುತ್ತಾಳೆ.

ಒಂದು ಸಲ ನಾನೇ ನಾಚಿಕೆ ಬಿಟ್ಟು ಅಳಿಯನಿಗೆ ಹೇಳಿದೆ: "ತಪ್ಪು ನಂದೈತಿ. ಕೋರ್ಟಿಗೆ ಹೋಗ್ರಿ. ನಾನೇ ಬಂದು ಹೇಳ್ತೀನಿ."

"ಆರ್ಡರ್ ಆಗ್ಲೂ ಇತ್ತು, ಈಗ್ಲೂ ಇದೆ," ಎಂದ. "ಅದನ್ನ ತೋರಿಸಿ ಅವಳನ್ನ ಎಳ್ಕಂಡು ಹೋಗ್ಲಾ ಮಾವಾರೆ?"