ಮೈಕ್ ಒತ್ತದ ಮಕ್ಕಳು

ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಕನ್ನಡ ಸಂಘದ ಭಾನುವಾರದ ತರಗತಿಗೆ ಮಕ್ಕಳು ಬರುವುದು ನಿಂತಿತ್ತು. ಗೋರೆಗಾಂವ್‌ನ ಕಂಪನಿಯೊಂದರಲ್ಲಿ ಆನ್‌ಲೈನ್ ಪಾಠ ರೂಪಿಸುವುದೇ ನನ್ನ ಕೆಲಸ. ತರಗತಿಯನ್ನು ಮೊಬೈಲಿಗೆ ತರುತ್ತೇನೆ ಎಂದೆ. ಕಾರ್ಯದರ್ಶಿ ಶೆಟ್ಟರು ಕರಾರು ಹಾಕಿದರು: "ವಾರ್ಷಿಕ ಸಭೆಯೊಳಗೆ ಮಕ್ಕಳು ಕನ್ನಡದಲ್ಲಿ ಬಾಯಿ ಬಿಡ್ಬೇಕು ಮಾರಾಯ್ರೆ. ಇಲ್ಲದಿದ್ರೆ ಕ್ಲಾಸ್ ಬಂದ್."

ಚಿತ್ರ, ಆಟ, ಹಾಡು ಎಲ್ಲ ಹಾಕಿದೆ. ಮಕ್ಕಳು ನೋಡಿದರು, ಕೇಳಿದರು, ಸರಿಯುತ್ತರ ಒತ್ತಿದರು. ಪಾಠದ ಕೊನೆಗೆ 'ನೀನೇ ಹೇಳು' ಎಂಬ ಮೈಕ್ ಗುಂಡಿಯಿತ್ತು. ಅದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಗುಂಡಿ ದೊಡ್ಡದು ಮಾಡಿದೆ, ಬಣ್ಣ ಬದಲಿಸಿದೆ. ಊಹೂಂ.

ಕೊನೆಗೆ ತರಗತಿಯ ಹದಿಮೂರರ ಶ್ರಾವ್ಯಾಳ ಮನೆಗೇ ಹೋದೆ. ಒಂದೇ ಕೋಣೆ, ಅದರಲ್ಲಿ ಅಪ್ಪ, ಅಮ್ಮ, ಅತ್ತೆ, ಅಜ್ಜ. "ಯಾಕಮ್ಮ ರೆಕಾರ್ಡ್ ಮಾಡಲ್ಲ?" ಎಂದೆ.

"ಆಂಟಿ, ನಾನು ಕನ್ನಡ ಬೋಲಿದ್ರೆ ಇವ್ರೆಲ್ಲ ನಗ್ತಾರೆ."

ಅತ್ತೆ ಆಗಲೇ ನಗುತ್ತಿದ್ದರು. ಅಷ್ಟರಲ್ಲಿ ಅಜ್ಜ ಮೊಬೈಲ್ ಚಾಚಿದರು: "ವಿಡಿಯೊ ಕಾಲ್ ಹೇಗೆ ಮಾಡುದು ಮಗಾ?" ಅವಳು ತೊದಲುತ್ತಲೇ ಕನ್ನಡದಲ್ಲಿ ಹೇಳಿಕೊಟ್ಟಳು. ಅತ್ತೆಯೂ ಬಗ್ಗಿ ನೋಡಿದರು. ಈಗ ಯಾರೂ ನಗಲಿಲ್ಲ.

ಉಪಾಯ ಅಲ್ಲೇ ಹೊಳೆಯಿತು ಎಂದು ಬರೆದರೆ ಚೆಂದ. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಹೊಳೆಯಿತು ಎಂದೂ ಕೆಲವರಿಗೆ ಹೇಳಿದ್ದೇನೆ. ಎರಡನ್ನೂ ನಾನು ಪೂರ್ತಿ ನಂಬುವುದಿಲ್ಲ. ಬದಲಿಸಿದ್ದಂತೂ ನಿಜ: ಹಳೆಯ ಗುಂಡಿ ತೆಗೆದು, 'ಮನೆಯ ದೊಡ್ಡವರಿಗೆ ಮೊಬೈಲಿನಲ್ಲಿ ಏನಾದರೂ ಕಲಿಸು, ಕನ್ನಡದಲ್ಲೇ, ರೆಕಾರ್ಡ್ ಮಾಡಿ ಕಳಿಸು' ಎಂದು ಹಾಕಿದೆ. ಧ್ವನಿಗಳು ಒಂದರ ಹಿಂದೊಂದು ಬಂದವು. ಒಬ್ಬ ಹುಡುಗ ಅಮ್ಮನನ್ನು ಗದರುತ್ತಿದ್ದ: "ಅರೇ, ಅದು ಅಲ್ಲ, ಕೆಳಗಿಂದು ಒತ್ತು. ಎಷ್ಟು ಸಲ ಹೇಳ್ಬೇಕು?" ಅಪ್ಪಟ ಅಮ್ಮನದೇ ಧಾಟಿ.

ವಾರ್ಷಿಕ ಸಭೆಯಲ್ಲಿ ಅವನ್ನೆಲ್ಲ ಕೇಳಿಸಿದೆ. ಶೆಟ್ಟರು ಕತ್ತು ಓರೆ ಮಾಡಿದರು. "ಬಾಯಿಪಾಠ ಮಾಡಿಸಿದ್ರಾ ಹೇಗೆ?"

ನಾನು ಉತ್ತರಿಸುವ ಮೊದಲೇ ಶ್ರಾವ್ಯಾ ಎದ್ದು ಅವರ ಮುಂದೆ ಕೈ ಚಾಚಿದಳು. "ಮೊಬೈಲ್ ಕೊಡಿ ಅಂಕಲ್. ನಿಮಗೆ ಏನು ಬರುದಿಲ್ಲ, ಹೇಳಿ."

ಸಭೆ ನಕ್ಕಿತು, ಅವಳನ್ನು ನೋಡಿ ಅಲ್ಲ. ಗ್ರೂಪಿನಲ್ಲಿ ಬರುವ ಫೋಟೊ ಅಳಿಸುವುದು ತಿಳಿಯದು ಎಂದು ಶೆಟ್ಟರು ಒಪ್ಪಿಕೊಂಡರು. ಅವಳು ಹೇಳುತ್ತ ಹೋದಳು, ತಡವರಿಸಿದಳು, ಮುಂದುವರಿದಳು. "ಸ್ವಲ್ಪ ನಿಧಾನ ಮಗಾ," ಎಂದರು ಶೆಟ್ಟರು.

ತರಗತಿ ಉಳಿಯಿತು. ಚಪ್ಪಾಳೆ ಬಿತ್ತೋ ಇಲ್ಲವೋ ನೆನಪಿಲ್ಲ, ನನ್ನ ಎದೆ ಉಬ್ಬಿದ್ದು ನೆನಪಿದೆ. ಈಗ ಹೊಸ ಪಾಠಕ್ಕೆ ಕುಳಿತಾಗಲೆಲ್ಲ ಮೊದಲು ಕೇಳಿಕೊಳ್ಳುವುದು ಇದನ್ನೇ: ಇದನ್ನು ಕಲಿತ ಮಗು ಯಾರಿಗೆ ಕಲಿಸುತ್ತದೆ?