ಕೇಳಿ ತಗಾಬೇಕು

ಮಿಡಿಗೇಶಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಎರಡು ಎಸಳು ಕರಿಬೇವು ಬೇಕಾದರೂ ನಮ್ಮ ಗೇಟಿನಾಚೆ ನಿಂತು, “ಕಿತ್ಕಳ್ಳಾ ಮಗಾ?” ಎನ್ನುತ್ತಿದ್ದರು. ಕೇಳೋದ್ಯಾಕಜ್ಜಿ ಎಂದರೆ, “ಕೇಳಿ ತಗಾಬೇಕು ಕಣಮ್ಮ” ಎನ್ನುವರು.

ರಸ್ತೆ ಅಗಲ ಮಾಡಲು ಜೆಸಿಬಿ ಬಂದ ಬೆಳಿಗ್ಗೆ ಅಜ್ಜಿ ತಮ್ಮ ಅಂಗಳದ ಗೋಡೆಗೆ ಬೆನ್ನು ಕೊಟ್ಟು ನಿಂತರು.

“ಸರ್ಕಾರದ ರಸ್ತೆ ಅಜ್ಜಿ, ಪಕ್ಕಕ್ಕೆ ಬಾ,” ಎಂದ ಗುತ್ತಿಗೆದಾರ.

“ರಸ್ತೆ ಬ್ಯಾಡ ಅಂದ್ನೇನ್ಲಾ? ಜಾಗ ನಂದು. ನೋಟೀಸು ಕೊಟ್ರಾ? ಪರಿಹಾರ ಏನು ಅಂತ ಹೇಳಿದ್ರಾ? ಕೇಳಿ ತಗಾಬೇಕು ಕಣ್ಲಾ!”

ಚಾಲಕನಿಗೆ ಅವರು ಕಾಣಲಿಲ್ಲವೋ ಏನೋ, ಬಕೆಟ್ಟು ಇಳಿಯಿತು. ಪಕ್ಕದಲ್ಲೇ ಇದ್ದ ನಾನು ಅಜ್ಜಿಯ ತೋಳು ಹಿಡಿದು ಎಳೆದೆ. ಅವರು ನಿಂತಿದ್ದ ಜಾಗಕ್ಕೇ ಗೋಡೆ ಕುಸಿಯಿತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ನಿಂತಿಲ್ಲ.

ಪರಿಹಾರದ ಕೇಸು ಕೋರ್ಟಿನಲ್ಲಿರುವಾಗಲೇ ಅವರ ಅಂಗಳದ ಮೇಲೆ ಬಸ್ಸುಗಳು ಓಡತೊಡಗಿದವು. ಆಮೇಲೂ ಅಜ್ಜಿ ಕರಿಬೇವಿಗೆ ನಮ್ಮ ಗೇಟಿನಾಚೆಯೇ ನಿಂತು ಕೇಳುತ್ತಿದ್ದರು.