ಬಾಗಿಲ ಮುಂದೆ ಐದಡಿ ಸಮತಟ್ಟು

ರ‍್ಯಾಂಪ್ ಕಟ್ಟಬೇಕೆಂದು ಕರೆದವರ ಮನೆಗೆ ಹೋದರೆ ಮೆಟ್ಟಿಲು ಮೇಸ್ತ್ರಿ ಮೊದಲು ಟೇಪು ಬಿಚ್ಚುವುದಿಲ್ಲ. ಬಾಗಿಲು ತೆರೆಯುತ್ತಾನೆ, ಮುಚ್ಚುತ್ತಾನೆ, ಮತ್ತೆ ತೆರೆಯುತ್ತಾನೆ. ಗಾರೆ ಕೆಲಸಕ್ಕೆ ಬಂದವನು ಬಾಗಿಲ ಜೊತೆ ಆಡುತ್ತಾನಲ್ಲ ಎಂದು ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಈ ಪಾಠವನ್ನು ಅವನು ಕಲಿತದ್ದು ಅಕ್ಕನಿಂದ, ಅದೂ ನಾಲ್ಕು ಜನರ ಮುಂದೆ ಮುಖಭಂಗ ಮಾಡಿಕೊಂಡು.

ಹೆಸರೇ ಹೇಳುವಂತೆ ಅವನದು ಮೆಟ್ಟಿಲ ಕಸುಬು. ಸ್ವಂತವಾಗಿ ಹಿಡಿದ ಮೊದಲ ಕೆಲಸವೆಂದರೆ ಅಕ್ಕ ದುಡಿಯುತ್ತಿದ್ದ ಮುದ್ರಣಾಲಯದ ಮುಂದಿನ ಐದು ಮೆಟ್ಟಿಲು. ಬೂದು ಕಲ್ಲು, ಉಜ್ಜಿ ದುಂಡಗೆ ಮಾಡಿದ ಅಂಚು. ಆಮೇಲಿನ ಇಪ್ಪತ್ತೆರಡು ವರ್ಷವೂ ಆ ಬೀದಿಗೆ ಹೋದಾಗ ನಿಂತು ಒಮ್ಮೆ ನೋಡದೆ ಮುಂದೆ ಹೋದವನಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರಾ? ಅನ್ನಿ, ಆದರೆ ಮೆಟ್ಟಿಲು ನಿಜಕ್ಕೂ ಚೆನ್ನಾಗಿದ್ದವು.

ಅಕ್ಕ ಅಲ್ಲಿ ಕರಡು ತಿದ್ದುವವಳು. ಕೆಂಪು ಪೆನ್ಸಿಲ್ ಹಿಡಿದಳೆಂದರೆ ಮೊಸರಲ್ಲೂ ಕಲ್ಲು ಹುಡುಕುವ ಪೈಕಿ. ಒಂದೂ ತಪ್ಪು ಉಳಿಯದ ಹಾಳೆಯ ಕೆಳಗೆ ಮಾತ್ರ "ಮುದ್ರಿಸಬಹುದು" ಎಂದು ಬರೆಯುತ್ತಿದ್ದಳು. ತಮ್ಮನ ಕೆಲಸವನ್ನು ಒಂದು ದಿನವೂ ಹೊಗಳಿದವಳಲ್ಲ. ಆ ಮೆಟ್ಟಿಲು ಕಂಡಾಗಲೂ "ಮೂರನೇದು ಒಂದು ಕೂದಲೆಳೆ ಎತ್ತರ" ಎಂದಿದ್ದಳು.

ಅಪಘಾತದಲ್ಲಿ ಬೆನ್ನಿಗೆ ಪೆಟ್ಟಾಗಿ ಅವಳಿಗೆ ಗಾಲಿಕುರ್ಚಿಯೇ ಕಾಲಾಯಿತು. ಎಂಟು ತಿಂಗಳಾದ ಮೇಲೆ ಮುದ್ರಣಾಲಯದ ಯಜಮಾನರು, "ಕರಡನ್ನ ಮನೆಗೇ ಕಳಿಸ್ತೀನಮ್ಮ" ಅಂದರು.

"ಯಂತ್ರದ ಸದ್ದಿಲ್ದೆ ನಂಗೆ ತಪ್ಪು ಕಾಣಲ್ಲ ಸಾರ್. ಬರೋ ಒಂದನೇ ತಾರೀಖು ನನ್ನ ಮೇಜಿಗೆ ನಾನೇ ಬರ್ತೀನಿ. ಯಾರೂ ಎತ್ತೋದೂ ಬೇಡ, ತಳ್ಳೋದೂ ಬೇಡ."

"ಕಾಗದದ ಉರುಳೆ ಹತ್ತಿಸೋ ಹಲಗೆ ಇದೆಯಲ್ಲಕ್ಕ, ಇಬ್ರು ತಳ್ಳಿದ್ರೆ ಆಯ್ತು" ಎಂದ ತಮ್ಮ.

"ನಾನೇನು ಉರುಳೆನೇನೋ?"

ಮೇಸ್ತ್ರಿ ಲೆಕ್ಕ ಹಾಕಿದ. ಮಡಚುವ ಅಲ್ಯೂಮಿನಿಯಂ ರ‍್ಯಾಂಪು ಒಂದೆರಡು ಮೆಟ್ಟಿಲಿಗಾದರೆ ಸರಿ, ಆದರೆ ಅದನ್ನು ಹಾಸಲು ಇನ್ನೊಬ್ಬರು ಬೇಕು. ಕಬ್ಬಿಣದ ತಗಡು ಮಳೆಗೆ ಜಾರುತ್ತದೆ. ಕಾಂಕ್ರೀಟೇ ಸೈ. ಕೂತವರು ತಾವೇ ಹತ್ತಬೇಕಾದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ಐದು ಮೆಟ್ಟಿಲೆಂದರೆ ಎರಡೂವರೆ ಅಡಿ ಎತ್ತರ, ಅಂದರೆ ಮೂವತ್ತಡಿ ಇಳಿಜಾರು. ಅಂಗಳವೋ ಇಪ್ಪತ್ತೇ ಅಡಿ. ಹದಿನೈದಡಿ ಹತ್ತಿ, ಸಮತಟ್ಟು ಜಾಗದಲ್ಲಿ ತಿರುಗಿ, ಮತ್ತೆ ಹದಿನೈದಡಿ ಹತ್ತುವ ಹಾಗೆ ಗೀಚಿದ. ಬಾಗಿಲ ಮುಂದೆಯೂ ಸಮತಟ್ಟು ಬಿಡಬೇಕೆಂದರೆ ಮೆಟ್ಟಿಲು ಒಡೆಯಬೇಕಿತ್ತು. ಅದಕ್ಕೆ ಅವನಿಗೆ ಮನಸ್ಸು ಬರಲಿಲ್ಲ. ಇಳಿಜಾರನ್ನು ಹೊಸ್ತಿಲಿಗೇ ಮುಟ್ಟಿಸಿ ಮೆಟ್ಟಿಲು ಉಳಿಸಿಕೊಂಡ.

ಒಂದನೇ ತಾರೀಖಿಗೆ ವಾರವಿರುವಾಗ ಅಕ್ಕ ಪರೀಕ್ಷೆಗೆ ಬಂದಳು. ಗಾಲಿ ತಿರುಗಿಸುತ್ತ ಹತ್ತಿದಳು, ತಿರುವಿನಲ್ಲಿ ಉಸಿರು ತೆಗೆದುಕೊಂಡಳು, ಮತ್ತೆ ಹತ್ತಿದಳು. ಕೆಲಸದವರೆಲ್ಲ ಚಪ್ಪಾಳೆ ತಟ್ಟಿದರು. ಬಾಗಿಲ ಹಿಡಿಗೆ ಕೈ ಹಾಕಿದಳು ನೋಡಿ, ಅಲ್ಲಿ ಕೆಟ್ಟಿತು. ಅದು ಹೊರಗೆ ತೆರೆಯುವ ಬಾಗಿಲು. ಎಳೆಯಲೆಂದು ಗಾಲಿ ಬಿಟ್ಟರೆ ಕುರ್ಚಿ ಹಿಂದಕ್ಕೆ ಜಾರುತ್ತದೆ, ಒಂದು ಕೈಲಿ ಗಾಲಿ ಹಿಡಿದು ಎಳೆದರೆ ಬಾಗಿಲು ಮಂಡಿಗೆ ಬಡಿಯುತ್ತದೆ. ಮೂರು ಸಲ ನೋಡಿದಳು. ಮೂರನೇ ಸಲ ತಮ್ಮ ಓಡಿಬಂದು ಕುರ್ಚಿ ಹಿಡಿಯಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಬಾಗಿಲನ್ನೇ ಒಳಗೆ ತೆರೆಯೋ ಹಾಗೆ ಮಾಡಿಸಿದ್ರೆ?" ಎಂದ ಮೇಸ್ತ್ರಿ.

ಯಜಮಾನರು ತಲೆ ಅಡ್ಡಡ್ಡ ಆಡಿಸಿದರು. "ಒಳಗೆಲ್ಲ ಕಾಗದ. ಬೆಂಕಿ ಬಿದ್ರೆ ಜನ ನುಗ್ಗಿ ಓಡಬೇಕಲ್ಲ, ಅದು ಹೊರಗೇ ತೆರೀಬೇಕು."

"ದಿನಾ ನಾನೇ ಬಂದು ತೆಗೀತೀನಿ ಬಿಡಕ್ಕ."

ಅಕ್ಕ ಕಿವಿಗೆ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲ್ ತೆಗೆದು, ಬಾಗಿಲ ಪಕ್ಕದ ಗೋಡೆಯ ಮೇಲೆ ಎರಡು ಅಡ್ಡಗೆರೆ, ಅದಕ್ಕೆ ಎರಡು ಉದ್ದಗೆರೆ ಎಳೆದಳು. ಇಲ್ಲಿ ಜಾಗ ಬಿಡಿ ಎನ್ನಲು ಕರಡಿನಲ್ಲಿ ಅವಳು ಹಾಕುತ್ತಿದ್ದ ಗುರುತು ಅದು. ಅವಳ ಕಣ್ಣು ತುಂಬಿದ್ದನ್ನು ತಮ್ಮ ಅಂದೇ ಮೊದಲು ಕಂಡ. ಆ ಐದು ಕಲ್ಲಿನ ಆಸೆಗೆ ಅಕ್ಕನನ್ನು ಹೊರಗೆ ನಿಲ್ಲಿಸಿದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಸುತ್ತಿಗೆ, ಹಾರೆ ತಂದು ಅವನೇ ಮೆಟ್ಟಿಲು ಕಿತ್ತ. ಬೇರೆಯವರಿಗೆ ಮುಟ್ಟಗೊಡಲಿಲ್ಲ. ಮೆಟ್ಟಿಲಿದ್ದಲ್ಲಿ ಐದಡಿ ಸಮತಟ್ಟು ಎಬ್ಬಿಸಿ, ಕಿತ್ತ ಬೂದು ಕಲ್ಲುಗಳನ್ನೇ ಅದಕ್ಕೆ ಹಾಸಿ, ಇಳಿಜಾರನ್ನು ತಂದು ಅಲ್ಲಿಗೆ ಸೇರಿಸಿದ. ಮೂರನೇ ಕಲ್ಲಿನ ಕೂದಲೆಳೆ ಎತ್ತರವನ್ನು ಉಜ್ಜಿ ಸಮ ಮಾಡಿದ. ಅಕ್ಕ ಹೇಳಿದ್ದು ಸರಿಯಾಗಿಯೇ ಇತ್ತು.

ಒಂದನೇ ತಾರೀಖು ಅವಳು ಹತ್ತಿದಳು. ಬೂದು ಕಲ್ಲಿನ ಮೇಲೆ ಕುರ್ಚಿ ಕದಲದೆ ನಿಂತಿತು. ಪಕ್ಕಕ್ಕೆ ಸರಿದು ಬಾಗಿಲು ಎಳೆದಳು, ಒಳಗೆ ಹೋದಳು, ಬಾಗಿಲು ಹಿಂದೆ ಮುಚ್ಚಿಕೊಂಡಿತು. ಹಿಡಿಯಲೆಂದು ಮುಂದೆ ಚಾಚಿದ ತಮ್ಮನ ಕೈ ಹಾಗೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ತೆರೆಯಿತು. ಅಕ್ಕ ಗೋಡೆಯ ಮೇಲಿನ ಗುರುತನ್ನು ಹೊಡೆದುಹಾಕಿ, ಅದರ ಕೆಳಗೆ ಏನೋ ಬರೆದು ಕೆಲಸಕ್ಕೆ ಹೋದಳು. ಮೇಸ್ತ್ರಿ ಹತ್ತಿರ ಹೋಗಿ ಓದಿದ, ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟ.

ಆಮೇಲೆ ಆ ಕಟ್ಟಡಕ್ಕೆ ಎರಡು ಸಲ ಬಣ್ಣ ಬಳಿದಾಗಿದೆ. "ಮುದ್ರಿಸಬಹುದು" ಎಂದು ಬರೆದ ಆ ಗೇಣುದ್ದ ಗೋಡೆಗೆ ಮಾತ್ರ ಕುಂಚ ತಾಗಿಸಲು ಮೇಸ್ತ್ರಿ ಬಿಟ್ಟಿಲ್ಲ.